ಸೌದಾಮಿನಿಯಕ್ಕನಿಗೊಂದು ಎದುರುಮಾತು

ಗಡಿನಾಡಿನ ಬಾಯಾರಿನ ರೇಷನ್ ಅಂಗಡಿಗೆ ಹೊಸದಾಗಿ ಬರುವವರಿಗೆ ದಾರಿ ಹೇಳುವುದು ಬಹಳ ಸುಲಭವಾಗಿತ್ತು. ಬಸ್ಸಿಳಿದು ಒಂದು ಗಳಿಗೆ ಕಿವಿಗೊಟ್ಟು ನಿಂತರಾಯಿತು, ಸೌದಾಮಿನಿಯಕ್ಕನ ಸ್ವರ ಯಾವ ಕಡೆಯಿಂದ ಕೇಳುತ್ತದೋ ಆ ಕಡೆ ನಡೆದರೆ ಅಂಗಡಿ. ತನ್ನ ಮಾವನ ಕಾಲದಿಂದ ಬಂದ ಆ ಅಂಗಡಿಯ ಮೇಜಿನ ಹಿಂದೆ ಕೂತು ಆಕೆ ಒಬ್ಬರೊಡನೆ ಕನ್ನಡದಲ್ಲಿ, ಮತ್ತೊಬ್ಬರೊಡನೆ ತುಳುವಿನಲ್ಲಿ, ಲೋಡು ತಂದ ಲಾರಿಯವರೊಡನೆ ಮಲಯಾಳದಲ್ಲಿ ವಾದ ಮಾಡುತ್ತಿದ್ದರು. ಕುಚ್ಚಲಕ್ಕಿ ಒಳ್ಳೆಯದೋ ಬಿಳಿಯ ಬೆಳ್ತಿಗೆ ಅಕ್ಕಿಯೋ ಎಂಬಲ್ಲಿಂದ ಹಿಡಿದು ಮಳೆ ಯಾವಾಗ ಬಿಡುತ್ತದೆ ಎಂಬಲ್ಲಿಯವರೆಗೆ ವಿಷಯ ಯಾವುದಾದರೂ ಆದೀತು. ಬೆರಳಿನ ಗುರುತು ಹಿಡಿಯುವ ಯಂತ್ರ ಬಂದ ಮೇಲೆ ಅದರೊಡನೆಯೂ ವಾದ ಶುರುವಾಯಿತು. ಯಾರಾದರೂ ಮುದುಕಿಯ ಸವೆದ ಹೆಬ್ಬೆರಳನ್ನು ಅದು ಒಪ್ಪದಿದ್ದರೆ, "ಈ ಬೆರಳು ನಾನು ಮದುವೆಯಾಗಿ ಬಂದಾಗಿನಿಂದ ನನಗೆ ಗೊತ್ತುಂಟು. ನಿನಗೆ ಹೇಗೆ ಗೊತ್ತಿಲ್ಲ?" ಎಂದು ಯಂತ್ರಕ್ಕೆ ಗದರುತ್ತಿದ್ದರು.

ಆ ವಾದಗಳಲ್ಲಿ ಕಹಿ ಇರಲಿಲ್ಲ. ಮುಗಿದ ಮೇಲೆ, "ಇರು, ಮಜ್ಜಿಗೆ ಕುಡಿದು ಹೋಗು" ಎನ್ನುವುದು ಇದ್ದೇ ಇತ್ತು.

ಬದಿಯಡ್ಕದಲ್ಲಿ ಹುಟ್ಟಿ ಬೆಳೆದ ಕ್ಷಮಾ ಸೌದಾಮಿನಿಯಕ್ಕನ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಹೆದರಿ ಮುದುಡಿದ್ದಳು. ಅವಳ ತವರಿನಲ್ಲಿ ಯಾರೂ ಯಾರಿಗೂ ಎದುರಾಡುವವರಲ್ಲ. ಸಿಟ್ಟು ಬಂದರೆ ಮಾತು ಬಿಡುವುದೇ ಅಲ್ಲಿಯ ಕ್ರಮ. ಇಲ್ಲಿ ಬಂದ ವಾರದೊಳಗೆ, ಸಾರಿಗೆ ಬೆಲ್ಲ ಬೇಕೋ ಬೇಡವೋ ಎಂದು ಅತ್ತೆ ಸೊಂಟಕ್ಕೆ ಕೈಕೊಟ್ಟು ಒಲೆಯ ಬಳಿ ನಿಂತಾಗ, "ನೀವು ಹೇಳಿದ ಹಾಗೇ ಆಗ್ಲಿ ಅತ್ತೆ" ಎಂದು ಸೌಟು ಕೆಳಗಿಟ್ಟುಬಿಟ್ಟಳು. ಸೌದಾಮಿನಿಯಕ್ಕನ ಮುಖ ಸಪ್ಪಗಾಯಿತು.

"ಎಂತ ಮಾರಾಯ್ತಿ, ಇಷ್ಟು ಬೇಗ ಸೋತರೆ ಹೇಗೆ? ನೀನು ಮಾಡಿದ ಸಾರು, ನೀನು ಹಾಕಿದ ಬೆಲ್ಲ. ಯಾಕೆ ಹಾಕಿದ್ದು ಅಂತಾದ್ರೂ ಹೇಳು."

ಗಂಡ ಗಣೇಶಪ್ರಸಾದ ಸೀತಾಂಗೋಳಿಯ ಅಡಿಕೆ ಹಾಳೆತಟ್ಟೆಯ ಕಾರ್ಖಾನೆಯಿಂದ ಬಂದೊಡನೆ ಕ್ಷಮಾ ದೂರು ಹೇಳಿದಳು. ಅವನು ನಕ್ಕ. "ಅಮ್ಮ ಬೇಡದವರ ಹತ್ರ ಭಾರೀ ಮರ್ಯಾದೆಯಲ್ಲಿ ಮಾತಾಡ್ತಾಳೆ. ನಿನ್ನ ಹತ್ರ ವಾದಕ್ಕೆ ಬಂದಳಲ್ಲ, ನೀನು ಪಾಸು."

ಮರುವಾರ ಕ್ಷಮಾ ಒಂದು ಎದುರುಮಾತು ಹೇಳಿ ನೋಡಿದಳು. ಆಮೇಲೆ ಎರಡು. ವರ್ಷ ಕಳೆಯುವಷ್ಟರಲ್ಲಿ ಅತ್ತೆಯ ಜೊತೆ ಅಂಗಡಿಯಲ್ಲೂ ಕೂರತೊಡಗಿದಳು. ಅಕ್ಕಿ ತೂಗುತ್ತಾ ಇಬ್ಬರೂ ಬೆಳಗಿನ ಚರ್ಚೆಯನ್ನು ಮುಂದುವರಿಸುವುದನ್ನು ಕೇಳಲಿಕ್ಕೆಂದೇ ಜನ ಚೀಲ ತುಂಬಿದ ಮೇಲೂ ನಿಂತಿರುತ್ತಿದ್ದರು.

ಸೌದಾಮಿನಿಯಕ್ಕನ ಅಂಡಾಶಯದಲ್ಲಿ ಮೊದಲೊಮ್ಮೆ ಕಾಣಿಸಿಕೊಂಡಿದ್ದ ಕ್ಯಾನ್ಸರ್ ಆಪರೇಶನ್ನಿಗೂ ಕಿಮೋಕ್ಕೂ ಮಣಿದು ಹಿಂದೆ ಸರಿದಿತ್ತು. ಕಳೆದ ಮಳೆಗಾಲ ಮುಗಿಯುವಾಗ ಅದು ಮರಳಿ ಬಂತು, ಈ ಸಲ ಯಕೃತ್ತನ್ನೂ ಹಿಡಿದುಕೊಂಡು. ಮಂಗಳೂರಿನ ಡಾಕ್ಟರು ಮಗನನ್ನು ಹೊರಗೆ ಕರೆದು ಹೇಳಲು ಹೊರಟಾಗ ಆಕೆ ಬಿಡಲಿಲ್ಲ.

"ರೋಗ ನನ್ನದು. ನನ್ನ ಎದುರೇ ಹೇಳಿ ಡಾಕ್ಟ್ರೇ. ಇನ್ನೆಷ್ಟು ಸಮಯ ಉಂಟು?"

"ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲಮ್ಮ. ಕೆಲವು ತಿಂಗಳು."

"ನಮ್ಮ ಗೋಧಿಯ ಲೋಡಿನ ಕಥೆಯೂ ಹೀಗೇ. ಬರ್ತದೆ ಅಂತಾರೆ, ಯಾವಾಗ ಅಂತ ಯಾರೂ ಹೇಳುದಿಲ್ಲ."

ಡಾಕ್ಟರು ನಕ್ಕುಬಿಟ್ಟರು. ನಕ್ಕ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಕಿಮೋ ಬೇಡ, ಮನೆಯಲ್ಲೇ ನೋವಿಲ್ಲದಂತೆ ನೋಡಿಕೊಳ್ಳುವುದು ಒಳ್ಳೆಯದು ಎಂದು ವಿವರಿಸಿ, ಪಂಚಾಯತಿನ ಪ್ಯಾಲಿಯೇಟಿವ್ ನರ್ಸಿಗೆ ತಿಳಿಸಲು ಹೇಳಿದರು.

ಹೀಗೆ ಶೈಲಜಾ ಸಿಸ್ಟರ್ ಮನೆಗೆ ಬರತೊಡಗಿದರು. ಕಾಞಂಗಾಡಿನ ಕಡೆಯವರು, ಮಲಯಾಳ ಬೆರೆತ ಕನ್ನಡ. ವಾರಕ್ಕೊಮ್ಮೆ ಜೀಪಿನಲ್ಲಿ ಬಂದು ಹೊಟ್ಟೆಯಲ್ಲಿ ತುಂಬುವ ನೀರು, ನೋವು, ನಿದ್ದೆ ಎಲ್ಲ ವಿಚಾರಿಸಿ, ಮಾರ್ಫಿನ್ ಗುಳಿಗೆ ಯಾವಾಗ ಕೊಡಬೇಕು, ಮಗ್ಗುಲು ಹೇಗೆ ಬದಲಿಸಬೇಕು ಎಂದು ಕ್ಷಮಾಳಿಗೆ ಕಲಿಸಿಕೊಟ್ಟರು. ನೋವು ಹಿಡಿತಕ್ಕೆ ಬಂತು. ಆದರೂ ಸೌದಾಮಿನಿಯಕ್ಕ ದಿನದಿಂದ ದಿನಕ್ಕೆ ಬಾಡುತ್ತಾ ಬಂದರು. ಗಂಜಿ ಎರಡು ಚಮಚಕ್ಕೇ ಸಾಕು ಎನ್ನುವರು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಈಚೆ ತಿರುಗಲೊಲ್ಲರು.

"ಅಮ್ಮ ಮೊದಲೂ ಹೀಗೇ, ಮಾತು ಕಮ್ಮಿಯಾ?" ಎಂದು ಸಿಸ್ಟರ್ ಕೇಳಿದಾಗ ಕ್ಷಮಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ಆಗಿದ್ದಿಷ್ಟೇ. ಎಲ್ಲರೂ ಬೆಣ್ಣೆಯಾಗಿಬಿಟ್ಟಿದ್ದರು. ಕರೆಂಟು ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದ ಮಾವ ವೆಂಕಟಕೃಷ್ಣ ಮೊದಲೇ ಮಿತಭಾಷಿ. ಆದರೂ ಹೆಂಡತಿಗೆ "ಅದು ಹಾಗಲ್ಲ" ಎನ್ನುವಷ್ಟು ಧೈರ್ಯವಿದ್ದವರು. ಈಗ ಅದನ್ನೂ ಬಿಟ್ಟು "ಸರಿ ಸರಿ" ಎಂಬುದೊಂದನ್ನೇ ಜಪಿಸುತ್ತಿದ್ದರು. ಗಣೇಶಪ್ರಸಾದ ಅಮ್ಮ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದ. ತೂಕದ ವಿಷಯದಲ್ಲಿ ಸೌದಾಮಿನಿಯಕ್ಕನ ಜೊತೆ ವರ್ಷಗಟ್ಟಲೆ ಕಾದಾಡಿದ ಗಿರಾಕಿ ಬಟ್ಯಣ್ಣ ಕೂಡ ಒಂದು ಗೊನೆ ಎಳನೀರಿನ ಬೊಂಡ ತಂದಿಟ್ಟು, ದೇವಸ್ಥಾನದಲ್ಲಿ ನಿಂತವರ ಹಾಗೆ ಕೈಕಟ್ಟಿ ನಿಂತು ಹೋದ. ಕ್ಷಮಾಳೂ ಅಷ್ಟೇ. ತವರಿನಲ್ಲಿ ಕಲಿತ ಮೌನ ಅವಳಿಗೆ ಮರಳಿ ಬಂದಿತ್ತು.

ಒಂದು ಬೆಳಿಗ್ಗೆ ಸೌದಾಮಿನಿಯಕ್ಕ ಮಗನನ್ನು ಕರೆದು, ಮನೆಯ ಗೇಟಿಗೆ ಗುಲಾಬಿ ಬಣ್ಣ ಹೊಡೆಸಬೇಕೆಂದರು. ಗಣೇಶಪ್ರಸಾದ ಯಾಕೆಂದು ಕೇಳಲಿಲ್ಲ. ಆ ಭಾನುವಾರವೇ ಬದಿಯಡ್ಕದಿಂದ ಬಣ್ಣ ತಂದು, ಅಪ್ಪನನ್ನೂ ಸೇರಿಸಿಕೊಂಡು ಎರಡು ಕೋಟು ಬಳಿದ. ಬಿಸಿಲಿಗೆ ಅದು ಬೊಂಬಾಯಿ ಮಿಠಾಯಿಯ ಹಾಗೆ ಹೊಳೆಯತೊಡಗಿತು. ದಾರಿಯಲ್ಲಿ ಹೋಗುವ ಬಸ್ಸಿನವರೂ ಕತ್ತು ತಿರುಗಿಸಿ ನೋಡುವಂತಾಯಿತು. ಮರುದಿನ ಅಂಗಡಿಗೆ ಬಂದವರೆಲ್ಲ, "ಮನೆಯಲ್ಲಿ ಎಂತ, ಬ್ಯೂಟಿ ಪಾರ್ಲರ್ ಶುರು ಮಾಡಿದ್ರಾ?" ಎಂದು ಕ್ಷಮಾಳನ್ನೇ ಕೇಳಿದರು. ಸಂಜೆಯವರೆಗೆ ಸಹಿಸಿಕೊಂಡವಳು ಮನೆಗೆ ಬಂದು ಅತ್ತೆಗೆ ಗಂಜಿ ಕೊಡಲು ಕೂತಾಗ, ಬಾಯಿಂದ ಮಾತು ಜಾರಿಯೇಹೋಯಿತು.

"ಅತ್ತೆ, ಆ ಬಣ್ಣ ಕಣ್ಣಲ್ಲಿ ನೋಡ್ಲಿಕ್ಕಾಗುದಿಲ್ಲ. ನಿಮಗೆ ಅಕ್ಕಿಯ ವಿಷಯ ಗೊತ್ತಿರ್ಬಹುದು, ಬಣ್ಣದ ವಿಷಯ ಎಂತದೂ ಗೊತ್ತಿಲ್ಲ."

ಬಾಗಿಲಲ್ಲಿದ್ದ ಗಣೇಶಪ್ರಸಾದ ಕೈಸನ್ನೆಯಲ್ಲೇ ಬೇಡ ಬೇಡ ಎಂದ. ಮಾವ ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಹೇಳಿದ್ದು ಏನೆಂದು ಅರಿವಾಗಿ ಕ್ಷಮಾ ಚಮಚವನ್ನು ಬಟ್ಟಲಿಗೇ ಇಳಿಸಿದಳು.

ಗೋಡೆಯ ಕಡೆ ಇದ್ದ ಮುಖ ನಿಧಾನವಾಗಿ ಈಚೆ ತಿರುಗಿತು. "ಬಣ್ಣದ ವಿಷಯ ನಿನಗೆ ಗೊತ್ತುಂಟಾ? ಮದುವೆಯ ಮರುದಿನ ಉಟ್ಟಿದ್ದಿಯಲ್ಲ, ಕೆರೆಯ ಪಾಚಿಯ ಬಣ್ಣದ್ದೊಂದು ಸೀರೆ. ಅದನ್ನು ಉಟ್ಟವಳು ನನಗೆ ಬಣ್ಣ ಕಲಿಸ್ಲಿಕ್ಕೆ ಬಂದಳು."

"ಅದು ಪಾಚಿ ಬಣ್ಣ ಅಲ್ಲ, ಗಿಳಿಹಸಿರು."

"ಅಂಥ ಗಿಳಿ ಇದ್ದರೆ ಅದಕ್ಕೂ ನನ್ನದೇ ಕಾಯಿಲೆ."

ಕ್ಷಮಾಳಿಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ನಕ್ಕು ಕೆಮ್ಮಿ, ದಿಂಬಿಗೆ ಒರಗಿಸಿ ಕೂರಿಸಲು ಹೇಳಿ, ಗಂಜಿಗೆ ಮಾವಿನ ಮಿಡಿ ಉಪ್ಪಿನಕಾಯಿ ಕೇಳಿದರು. ಬಟ್ಟಲು ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು.

"ಗುಲಾಬಿ ನನಗೂ ಆಗುದಿಲ್ಲ," ಎಂದರು ಆಮೇಲೆ. "ಯಾರಾದ್ರೂ ಬೇಡ ಅಂತಾರಾ ನೋಡುವ ಅಂತ ಹೇಳಿದ್ದು. ಈ ಇಬ್ಬರು ಗಂಡಸರು ಹೋಗಿ ಬಳಿದೇಬಿಟ್ರು. ಎಲ್ಲರೂ ಸರಿ ಸರಿ ಅಂದ್ರೆ ನಾನು ಈಗಲೇ ಹೋದ ಹಾಗಾಯ್ತಲ್ಲ. ಫೋಟೋದ ಎದುರು ನಿಂತವರ ಹಾಗೆ ಮಾಡ್ಬೇಡಿ. ನಾನಿನ್ನೂ ಇದ್ದೇನೆ."

ಅಂದಿನಿಂದ ಮನೆಯಲ್ಲಿ ಹೊಸ ಕ್ರಮ ಶುರುವಾಯಿತು. ಗೇಟಿಗೆ ಬೂದು ಬಣ್ಣ ಬಂತು, ಅದೂ ಎರಡು ದಿನದ ಚರ್ಚೆಯ ಮೇಲೆ. ನೋಡಲು ಬಂದವರನ್ನು ಕ್ಷಮಾ ಜಗಲಿಯಲ್ಲೇ ನಿಲ್ಲಿಸಿ ಪಾಠ ಹೇಳಿ ಕಳಿಸುತ್ತಿದ್ದಳು. ಬಟ್ಯಣ್ಣ ಮತ್ತೊಮ್ಮೆ ಬಂದಾಗ, "ಸುಮ್ಮನೆ ನಿಲ್ಬೇಡಿ ಬಟ್ಯಣ್ಣ, ತೂಕದ ಸುದ್ದಿ ತೆಗೀರಿ" ಎಂದಳು. ಅವನು ಮೊದಲು ಹಿಂಜರಿದು, ಮತ್ತೆ ಯಾವುದೋ ಓಣಂ ಸಮಯದಲ್ಲಿ ಸಕ್ಕರೆ ಕಡಿಮೆ ಬಂದದ್ದನ್ನು ನೆನಪಿಸಿದ. ಒಳಗಿನಿಂದ ಸೌದಾಮಿನಿಯಕ್ಕನ ಸ್ವರ ರಸ್ತೆಯವರೆಗೆ ಕೇಳಿತು. ಹೊರಡುವಾಗ ಬಟ್ಯಣ್ಣನ ಕಣ್ಣು ತುಂಬಿತ್ತು, ಮುಖದಲ್ಲಿ ನಗುವೂ ಇತ್ತು. "ಸಕ್ಕರೆ ನಾನೇ ದಾರಿಯಲ್ಲಿ ಚೆಲ್ಲಿದ್ದಂತೆ," ಎಂದು ಹೇಳಿಕೊಂಡು ಹೋದ. ಶೈಲಜಾ ಸಿಸ್ಟರ್ ಕೂಡ ಬಿಪಿ ನೋಡುತ್ತಾ ನೋಡುತ್ತಾ ಕಾಞಂಗಾಡಿನ ಹಲಸು ದೊಡ್ಡದೋ ಬಾಯಾರಿನದೋ ಎಂಬ ವಾದಕ್ಕೆ ಸಿಕ್ಕಿಬಿದ್ದರು. ಅವರ ಕನ್ನಡ ಸುಧಾರಿಸಿದ್ದು ಹಾಗೆ.

ಗಣೇಶಪ್ರಸಾದನಿಗೆ ಮಾತ್ರ ಇದು ಕಷ್ಟವಾಯಿತು. ಬಾಯಿ ತೆರೆದರೆ ಅಳು ಬರುತ್ತದೆಂಬ ಹೆದರಿಕೆ. ಆದರೆ ಅವನ ಮನಸ್ಸಿನಲ್ಲಿ ಒಂದು ಮಾತಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸ ಇಂಜೆಕ್ಷನ್ ಉಂಟೆಂದು ಯಾರೋ ಹೇಳಿದ್ದರು. ಒಂದು ಮಧ್ಯಾಹ್ನ ಅಮ್ಮನ ಕಾಲು ಒತ್ತುತ್ತಾ ಅದನ್ನು ಹೇಳಿದ.

"ಅದರಿಂದ ಗುಣ ಆಗ್ತದಾ?" ಎಂದು ಸೌದಾಮಿನಿಯಕ್ಕ ಕೇಳಿದರು.

"ಕೆಲವರಿಗೆ ಒಂದೆರಡು ತಿಂಗಳು ಹೆಚ್ಚು ಸಿಗ್ತದಂತೆ."

"ಆ ತಿಂಗಳು ಎಲ್ಲಿ ಕಳೆಯುದು?"

"ಅಲ್ಲೇ, ಆಸ್ಪತ್ರೆಯಲ್ಲಿ. ನಾನಿರ್ತೇನಲ್ಲ."

"ನೀನು ಬರೀ ಹೂಂ ಹೇಳುವವ. ನನಗೆ ಬೇಡ."

ಮಗನ ಕೈ ನಿಂತಿತು. "ಈಗ ಹೂಂ ಹೇಳುದಿಲ್ಲ. ನಿನ್ನದು ಮೊಂಡುತನ. ಬೇಡ ಅಂತ ಹೇಳ್ಲಿಕ್ಕೆ ನಿನಗೆ ಸುಲಭ. ನೀನು ಹೋದ ಮೇಲೆ ಇರುವವ ನಾನು. ನನ್ನದು ಯಾರು ಆಲೋಚನೆ ಮಾಡುದು?"

ಅಷ್ಟು ದೊಡ್ಡ ಸ್ವರದಲ್ಲಿ ಅವನು ಮಾತಾಡಿದ್ದನ್ನು ಕ್ಷಮಾ ಕೇಳಿಯೇ ಇರಲಿಲ್ಲ. ಅಡಿಗೆಮನೆಯಿಂದ ಓಡಿಬಂದು ಬಾಗಿಲಲ್ಲೇ ನಿಂತಳು. ಅವನು ಅಮ್ಮನ ಪಾದಗಳ ಮೇಲೆ ಹಣೆಯಿಟ್ಟು ಅಳುತ್ತಿದ್ದ. ಸೌದಾಮಿನಿಯಕ್ಕ ಕೈ ಚಾಚಿದರು, ತಲೆ ಎಟುಕಲಿಲ್ಲ. ಕ್ಷಮಾ ಗಂಡನನ್ನು ಮೆಲ್ಲನೆ ಅತ್ತೆಯ ಕೈಯ ಹತ್ತಿರಕ್ಕೆ ಸರಿಸಿ ಕೂರಿಸಿದಳು.

"ಇದು ಮಾತು," ಎಂದರು ತಾಯಿ, ಅವನ ಕೂದಲಲ್ಲಿ ಬೆರಳಾಡಿಸುತ್ತಾ. "ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡು ತಿರುಗಿದೆಯಾ? ಸರಿ, ಒಂದು ಒಪ್ಪಂದ. ಮಂಗಳೂರಿನ ಡಾಕ್ಟ್ರಿಗೆ ಫೋನು ಮಾಡು. ಅವರು ಹೋಗಿ ಅಂದ್ರೆ ಹೊರಡುವ. ಬೇಡ ಅಂದ್ರೆ ನೀನು ನನ್ನ ಹತ್ರ ಕೂತು ಊಟ ಮಾಡ್ಬೇಕು, ಮುಖ ಗಂಟು ಹಾಕ್ಬಾರ್ದು."

ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಆ ಔಷಧಿ ಈ ಸ್ಥಿತಿಯಲ್ಲಿ ಪ್ರಯೋಜನಕ್ಕಿಂತ ಆಯಾಸವನ್ನೇ ಹೆಚ್ಚು ಕೊಟ್ಟೀತು. ಫೋನು ಇಟ್ಟ ಮೇಲೆ ಗಣೇಶಪ್ರಸಾದ ಅಂಗಳಕ್ಕಿಳಿದು ಮುಖ ತೊಳೆದುಕೊಂಡ. ಮತ್ತೆ ಒಳಗೆ ಬಂದು, ತಟ್ಟೆ ಹಿಡಿದು ಅಮ್ಮನ ಮಂಚದ ಪಕ್ಕ ಕೂತ. ಆ ದಿನದಿಂದ ಅವನ ಊಟ ಅಲ್ಲೇ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಅವನು, ಇಲ್ಲವೆಂದು ಆಕೆ.

ಕೊನೆಯ ದೊಡ್ಡ ವಾದ ಗಂಡನ ಜೊತೆ. ಹಿತ್ತಿಲಿನ ಕಾಟುಮಾವಿನ ಮರವನ್ನು ತನ್ನ ಚಿತೆಗೆಂದು ಕಡಿಯಕೂಡದು ಎಂದು ಸೌದಾಮಿನಿಯಕ್ಕ ತಾನಾಗಿ ಮಾತು ತೆಗೆದರು.

"ಮಾವಿನ ಕಟ್ಟಿಗೆಯೇ ಆಗ್ಬೇಕು. ಅದು ಕ್ರಮ," ಎಂದರು ವೆಂಕಟಕೃಷ್ಣ.

"ಬಾಯಾರಿನಲ್ಲಿ ಬೇರೆ ಮಾವು ಇಲ್ವಾ? ಆ ಮಿಡಿಯ ಉಪ್ಪಿನಕಾಯಿ ಇಲ್ಲದೆ ನಿಮಗೆ ಗಂಜಿ ಇಳಿಯುದಿಲ್ಲ. ನನ್ನನ್ನು ಸುಟ್ಟು ಮತ್ತೆ ಎಂತ ತಿಂತೀರಿ?"

"ನೀನು ಹೋದ ಮೇಲೆ ನನಗೆ ಉಪ್ಪಿನಕಾಯಿ ಯಾಕೆ?"

"ಅದು ಹಾಗಲ್ಲ," ಎಂದರು ಸೌದಾಮಿನಿಯಕ್ಕ, ಗಂಡನದೇ ಮಾತನ್ನು ಗಂಡನದೇ ಸ್ವರದಲ್ಲಿ. ವೆಂಕಟಕೃಷ್ಣ ನಕ್ಕುಬಿಟ್ಟರು. ಹೆಂಡತಿಯ ಕೈ ಹಿಡಿದುಕೊಂಡು, ಸುಮಾರು ಹೊತ್ತು ಬಿಡದೆ ಕೂತರು. ಮರ ಉಳಿಯಿತು.

ಮಾಘದ ಒಂದು ಬೆಳಿಗ್ಗೆ, ಮನೆಯವರೆಲ್ಲ ಸುತ್ತ ಕೂತು ಚಹಾ ಕುಡಿಯುತ್ತಿರುವಾಗ ಸೌದಾಮಿನಿಯಕ್ಕ ತೀರಿಕೊಂಡರು. ಅದಕ್ಕೂ ಮುಂಚಿನ ದಿನಗಳಲ್ಲಿ ಸ್ವರ ಉಡುಗಿತ್ತು. ಒಪ್ಪದಿದ್ದರೆ ಹುಬ್ಬು ಮಾತ್ರ ಏರುತ್ತಿತ್ತು. ಕ್ಷಮಾ ಆ ಹುಬ್ಬು ನೋಡಿಯೇ ಉತ್ತರ ಕೊಡುತ್ತಿದ್ದಳು. ನೋವಿರಲಿಲ್ಲ. ಬಟ್ಯಣ್ಣ ತನ್ನ ಜಾಗದ ಮಾವಿನ ಮರ ಕಡಿಸಿ, ಮಧ್ಯಾಹ್ನದೊಳಗೆ ಕಟ್ಟಿಗೆ ತಂದು ಹಾಕಿದ.

ಸೂತಕ ಕಳೆದ ಮೇಲೆ ಕ್ಷಮಾ ಅಂಗಡಿಯ ಬಾಗಿಲು ತೆಗೆದಳು. ಮೊದಲ ದಿನ ಜನ ಅವಳ ಮುಖ ನೋಡಲು ಹಿಂಜರಿದು ಬೇಗ ಬೇಗ ಚೀಲ ತುಂಬಿಸಿಕೊಂಡು ಹೋದರು. ಮಧ್ಯಾಹ್ನ ಶೈಲಜಾ ಸಿಸ್ಟರ್ ಜೀಪು ನಿಲ್ಲಿಸಿ ಬಂದು ಬೆಂಚಿನ ಮೇಲೆ ಕೂತರು.

"ನಮಗೆ ಜನ ಕಮ್ಮಿ ಉಂಟು ಕ್ಷಮಾ. ಅಂಗಡಿಗೆ ರಜೆ ಇರುವ ದಿನ ನಮ್ಮ ಜೊತೆ ಬರ್ತಿಯಾ? ಮಗ್ಗುಲು ಬದಲಿಸುದು ನಿನಗೆ ಬರ್ತದೆ. ಮಾತಾಡ್ಲಿಕ್ಕೂ ಬರ್ತದೆ."

ಕ್ಷಮಾ ಮಾವನನ್ನು ಕೇಳಿದಳು, ಗಂಡನನ್ನು ಕೇಳಿದಳು. ಇಬ್ಬರೂ ಹೋಗು ಎಂದರು. ಮುಂದಿನ ರಜೆಯ ದಿನ ಅವಳು ಔಷಧಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು. ಪೈವಳಿಕೆಯ ಒಳದಾರಿಯಲ್ಲಿ, ಗುಡ್ಡದ ಬದಿಯ ಒಂದು ಮನೆ. ಜಗಲಿಯ ಮಂಚದಲ್ಲಿ ಪಕ್ಷವಾತ ಬಡಿದ ಅಜ್ಜ. ಮನೆಯವರು ಸುತ್ತ ಮೌನವಾಗಿ ನಿಂತಿದ್ದರು. ಕ್ಷಮಾ ಸ್ಟೂಲು ಎಳೆದು ಅಜ್ಜನ ಬಳಿ ಕೂತು, "ಊಟಕ್ಕೆ ಎಂತ ಅಜ್ಜ, ಕುಚ್ಚಲಕ್ಕಿಯಾ ಬೆಳ್ತಿಗೆಯಾ?" ಎಂದು ಕೇಳಿದಳು.

"ಬೆಳ್ತಿಗೆ," ಎಂದರು ಅಜ್ಜ, ತೊದಲುತ್ತಾ. "ಇವರು ಅದನ್ನೇ ಕೊಡುದು. ನನಗೆ ಆಗುದಿಲ್ಲ."

ಸೊಸೆ ಬಾಗಿಲ ಮರೆಯಿಂದ ಈಚೆ ಬಂದಳು. "ನೀವು ಯಾವತ್ತು ಹೇಳಿದ್ದೀರಿ ಮಾವ ಆಗುದಿಲ್ಲಾಂತ?"

ಅಜ್ಜ ಅವಳ ಕಡೆ ತಿರುಗಿ ಉತ್ತರ ಕೊಡಲು ಹೊರಟರು. ಕ್ಷಮಾ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇಬ್ಬರಿಗೂ ಜಾಗ ಮಾಡಿಕೊಟ್ಟಳು.