ಬಸ್ಸಿನಲ್ಲಿ ಬಂದ ಸುರಂಗದ ನೀರು

ಪುತ್ತೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಸಾಕುತ್ತಿದ್ದ ಪ್ರಾಣಿಗೆ ಬೆನ್ನೆಲುಬಿಲ್ಲ, ರಕ್ತವಿಲ್ಲ, ತಿನ್ನುವುದಕ್ಕೂ ಹೇಲುವುದಕ್ಕೂ ಒಂದೇ ಬಾಯಿ. ತೋಡಿನ ಕಲ್ಲಿನಡಿ ಬದುಕುವ ಚಪ್ಪಟೆ ಹುಳ ಅದು. ಎರಡು ಕಣ್ಣೂ ವಾರೆ. ತಲೆ ಕತ್ತರಿಸಿದರೂ ಸಾಯುವುದಿಲ್ಲ, ಹೊಸ ತಲೆ ಬೆಳೆಸಿಕೊಳ್ಳುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೆ ಇದು.

ಪ್ಲಾಸ್ಟಿಕ್ಕಿನಿಂದ ನೀರಿಗೆ ಇಳಿಯುವ ರಾಸಾಯನಿಕಗಳು ಈ ತಲೆ ಬೆಳೆಯುವ ಕೆಲಸವನ್ನು ಹೇಗೆ ಕೆಡಿಸುತ್ತವೆ ಎಂಬುದು ನನ್ನ ಸಂಶೋಧನೆ. ಒಂದು ಗಾಜಿನ ಬಟ್ಟಲಿಗೆ ರಾಸಾಯನಿಕ ಬೆರೆಸಿದ ನೀರು, ಇನ್ನೊಂದಕ್ಕೆ ಶುದ್ಧ ನೀರು. ತಲೆ ಕತ್ತರಿಸಿದ ಹುಳಗಳನ್ನು ಎರಡರಲ್ಲೂ ಬಿಟ್ಟು, ಬೆಳೆಯುವ ತಲೆಗಳನ್ನು ಹೋಲಿಸಬೇಕು. ಆದರೆ ಪೇಟೆಯ ನಲ್ಲಿ ನೀರಿನ ಕ್ಲೋರಿನ್‌ಗೆ ನನ್ನ ಹುಳಗಳು ಸತ್ತೇಹೋದವು.

"ನಮ್ಮ ಸುರಂಗದ ನೀರು ಉಂಟಲ್ಲ ಮಾರಾಯ್ತಿ! ಹುಳ ಎಂತ, ಅದನ್ನು ಕುಡಿದ್ರೆ ಸತ್ತವ ಎದ್ದು ಕೂರ್ತಾನೆ" ಎಂದಳು ಅಮ್ಮ ಫೋನಿನಲ್ಲಿ.

ಬೆಳ್ಳಾರೆಯ ಹತ್ತಿರದ ನಮ್ಮ ಮನೆಯ ಹಿಂದೆ, ಗುಡ್ಡಕ್ಕೆ ಅಡ್ಡವಾಗಿ ನೀರಿಗೆಂದು ಅಜ್ಜ ಕೊರೆಸಿದ ಸುರಂಗವಿದೆ. ಅದರ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ. ನೆಂಟರು ಬಂದರೆ ಅಮ್ಮ ಮೊದಲು ಹೊಗಳುವುದು ಅದನ್ನು, ಮಕ್ಕಳನ್ನು ಆಮೇಲೆ. ಅವಳು ಅದನ್ನು ಕ್ಯಾನಿಗೆ ತುಂಬಿಸಿ ಬಸ್ಸಿನಲ್ಲಿ ಕೊಟ್ಟು ಕಳಿಸತೊಡಗಿದಳು. ನಮ್ಮಲ್ಲಿ ಹಾಗೆಯೇ. ಮಲ್ಲಿಗೆ, ಮಾತ್ರೆ, ಜಾತಕ, ಮರೆತುಹೋದ ಚಾರ್ಜರು, ಎಲ್ಲ ಡ್ರೈವರಿನ ಕೈಗೆ ಹೋಗಿ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತವೆ.

ಅಮ್ಮನ ನೀರು ಕುಡಿದ ಹುಳಗಳಿಗೆ ಬಂತಪ್ಪ ತಲೆ! ಒಂದಕ್ಕೆ ಸೊಟ್ಟ, ಒಂದಕ್ಕೆ ಒಂಟಿಕಣ್ಣು, ಇನ್ನೊಂದಕ್ಕೆ ಬರೀ ಮೊಂಡು. ರಾಸಾಯನಿಕದ ಬಟ್ಟಲಿನವೂ ಹಾಗೆಯೇ ಇದ್ದವು.

ನನ್ನ ಗೈಡ್ ಕನ್ನಡಕ ಮೇಲೇರಿಸಿ ಹೇಳಿದರು: "ನಿಮ್ಮ ತೋಟಕ್ಕೆ ಕೊಳೆರೋಗದ ಮದ್ದು ಬಿಡುದುಂಟಲ್ಲ? ಅದು ಸುರಂಗಕ್ಕೆ ಇಳಿದಿರ್ತದೆ. ಆ ನೀರೇ ಸರಿ ಇಲ್ಲ."

ಪ್ರಯೋಗ ಹಾಳಾಗಿ ಹೋಗಲಿ. ಮನೆಯವರೆಲ್ಲ ಹುಟ್ಟಿದಾಗಿನಿಂದ ಕುಡಿದದ್ದು ಅದೇ ನೀರು. ಇದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು?

ಹೇಳಲಿಲ್ಲ. ಭಾನುವಾರ ಊರಿಗೆ ಹೋಗಿ, ಪರೀಕ್ಷೆ ಮಾಡಿಸಲೆಂದು ದಂಬೆಗೇ ಗಾಜಿನ ಬಾಟಲಿ ಹಿಡಿದು ನೀರು ತುಂಬಿಸಿಕೊಂಡೆ. ಮರುದಿನ ಬಸ್ಸಿನವರೆಗೂ ಬಂದ ಅಮ್ಮ, ನಾನೇ ಬಸ್ಸಿನಲ್ಲಿ ಕೂತಿದ್ದರೂ ಕ್ಯಾನನ್ನು ಡ್ರೈವರಿನ ಕೈಗೇ ಕೊಟ್ಟಳು. ಮಗಳ ಮೇಲೆ ಅಷ್ಟು ನಂಬಿಕೆ.

ಡ್ರೈವರ್ ಅದನ್ನು ತನ್ನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಇಟ್ಟರು. ಹಳೆಯ ಪ್ಲಾಸ್ಟಿಕ್ ಕ್ಯಾನು, ಅಡಿಯಲ್ಲಿ ಕಾದ ಎಂಜಿನು. ಪುತ್ತೂರಿನಲ್ಲಿ ಮುಟ್ಟಿದರೆ ಸ್ನಾನಕ್ಕಾಗುವಷ್ಟು ಬಿಸಿ. ಮುಚ್ಚಳ ತೆಗೆದರೆ ಹೊಸ ಬಕೆಟಿನ ವಾಸನೆ. ದಿನಾ ಸಂಜೆ ನಾನು ಹೋಗಿ ತರುವಷ್ಟರಲ್ಲಿ ಅದು ತಣಿದು, ವಾಸನೆಯೂ ಹೋಗಿರುತ್ತಿತ್ತು.

"ದಿನಾ ಇಲ್ಲೇ ಇಡುದಾ?" ಎಂದು ಕೇಳಿದೆ.

"ಮತ್ತೆ? ಸೀಟಲ್ಲಿ ಇಟ್ರೆ ಅದಕ್ಕೂ ಟಿಕೆಟ್ ಮಾಡ್ಬೇಕಲ್ಲ ಮಾರಾಯ್ರೆ!"

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಪ್ಲಾಸ್ಟಿಕ್ಕಿನ ವಿಷದ ಬಗ್ಗೆ ಪುಟಗಟ್ಟಲೆ ಬರೆದ ಈ ಪಂಡಿತೆ, ಪ್ಲಾಸ್ಟಿಕ್ಕಿನ ಕಷಾಯವನ್ನೇ ಶುದ್ಧ ನೀರೆಂದು ಹುಳಗಳಿಗೆ ಎರೆಯುತ್ತಿದ್ದಳು! ಹೊಸದಾಗಿ ಎರಡು ಬಟ್ಟಲು ಇಟ್ಟೆ. ಕ್ಯಾನಿನ ನೀರಿನಲ್ಲಿ ಮತ್ತೆ ಅದೇ ಸೊಟ್ಟ ತಲೆಗಳು. ಗಾಜಿನ ಬಾಟಲಿಯ ನೀರಿನಲ್ಲಿ ಒಂದೊಂದಕ್ಕೂ ದುಂಡನೆಯ ತಲೆ, ಎರಡೆರಡು ವಾರೆಗಣ್ಣು. ಖುಷಿಗೆ ಅಳುವೇ ಬಂತು. ಮದ್ದಿನ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಹಾಗಾದ್ರೆ ನಮ್ಮ ನೀರಿಗೆ ಎಂತದೂ ಆಗ್ಲಿಲ್ಲ. ನಿನ್ನ ಆ ಗೈಡಿಗೆ ಹೇಳು" ಎಂದು ಗೆದ್ದ ದನಿಯಲ್ಲಿ ಅಂದಳು. ಆಮೇಲೆ ಕೇಳಿದಳು: "ಅಲ್ಲ, ಅಷ್ಟು ದೊಡ್ಡ ಕ್ಯಾನು. ಹುಳಕ್ಕೆ ಕೊಟ್ಟು ಉಳಿದ ನೀರನ್ನು ಎಂತ ಮಾಡ್ತಿದ್ದಿ?"

"ನಾನು ಕುಡೀತಿದ್ದೆ."

"ಹುಳಕ್ಕಾದ್ರೆ ತಲೆ ಪುನಃ ಬರ್ತದೆ ಮಗಳೇ" ಎಂದಳು ಅಮ್ಮ. ಯಾವುದಕ್ಕೂ ಹಲ್ಲು ಕಿಸಿಯುವ ನನಗೆ ಅವತ್ತು ನಗು ಬರಲಿಲ್ಲ.

ಮರುದಿನದ ಬಸ್ಸಿನಲ್ಲಿ ಎರಡು ಸ್ಟೀಲಿನ ಪಾತ್ರೆಗಳು ಬಂದವು. "ಸಣ್ಣದು ಹುಳಕ್ಕಂತೆ" ಎಂದರು ಡ್ರೈವರ್.