ಕಪ್ಪೆ ಗಾಡಿಯ ಎಡಗಡೆ ಸೀಟು

ನಮ್ಮ ಮಾವನವರ ಎಡಗೈ ಹೆಬ್ಬೆರಳು ಅವರು ಸುಮ್ಮನೆ ಕೂತಿದ್ದಾಗಲೂ ತೋರುಬೆರಳಿನ ಮೇಲೆ ಉಜ್ಜಾಡುತ್ತಲೇ ಇರುತ್ತಿತ್ತು, ಜೋಳದ ಕಾಳು ಬಲಿತಿದೆಯೋ ಇಲ್ಲವೋ ಎಂದು ತಿಕ್ಕಿ ನೋಡುವವರ ಹಾಗೆ. ಒಕ್ಕಲುತನದ ಮನುಷ್ಯ, ರೂಢಿ ಇರಬೇಕು ಎಂದುಕೊಂಡು ಮಂದಿ ಸುಮ್ಮನಾಗುತ್ತಿದ್ದರು. ದಿನಾ ಊಟಕ್ಕೆ ಬಡಿಸುವವಳು ನಾನು, ನನಗೆ ಗೊತ್ತಾಗಿತ್ತು. ಮಜ್ಜಿಗೆ ವಾಟಗ ಎತ್ತಬೇಕೆಂದು ಅವರು ಮನಸ್ಸು ಮಾಡಿದ ಎಷ್ಟೋ ಹೊತ್ತಿನ ಮೇಲೆ ಆ ಕೈ ಏಳುತ್ತಿತ್ತು. ಸೊಲ್ಲಾಪುರದ ಡಾಕ್ಟರು ನರದ ಬೇನೆ ಎಂದರು. ಇವತ್ತು ಎಡಗೈ, ಮುಂದೆ ಬಲಗೈಗೂ ಬರುತ್ತದೆ, ಗುಳಿಗೆ ಇದೆ, ಗುಣ ಇಲ್ಲ ಎಂದರು. ಮಾವನವರು ಒಂದೇ ಒಂದು ಮಾತು ಕೇಳಿದರಂತೆ, ಬಲಗೈ ಈ ವರ್ಷ ಉಳಿಯುತ್ತದೆಯೇ ಎಂದು.

ಅವರು ಹಾಗೆ ಕೇಳಿದ್ದಕ್ಕೆ ಕಾರಣ ನಮ್ಮ ಅಫಜಲಪುರದ ಮನೆಯ ಹಿತ್ತಲಿನ ತಗಡಿನ ಪತ್ರಾ ಶೆಡ್ಡಿನಲ್ಲಿತ್ತು. ಎಂಬತ್ತರ ದಶಕದ ಆ ಹೊತ್ತಿಗೇ ಅದು ಮುದಿಯಾಗಿತ್ತು. ಹೈದರಾಬಾದಿನ ಯಾವುದೋ ಹಳೆಯ ಹವೇಲಿ ಖಾಲಿ ಮಾಡುವಾಗ ಮಾವನವರು ಕೊಂಡು ತಂದ ಪರದೇಶದ ಮೋಟಾರು. ಮೇಲೆ ಚಾವಣಿಯಿಲ್ಲ, ಎರಡೇ ಸೀಟು. ಹಸಿರು ಬಣ್ಣ, ನೆಲಕ್ಕೆ ಅಂಟಿದ ಮೈ, ಉಬ್ಬಿದ ದೀಪದ ಕಣ್ಣು. ಓಣಿಯವರು ಅದನ್ನು ಕಪ್ಪೆ ಗಾಡಿ ಎನ್ನುತ್ತಿದ್ದರು. ನಮ್ಮ ಅತ್ತೆಯವರು ಸವತಿ ಎನ್ನುತ್ತಿದ್ದರು. “ನನ್ನ ಮೊಣಕಾಲಿಗಿ ಒಂದಿನಾ ಎಣ್ಣಿ ಹಚ್ಚಿಲ್ಲ ಈ ಮನಷ್ಯಾ. ಸವತಿಗಿ ನೋಡು, ದಿನಾ ಎಣ್ಣಿಸ್ನಾನ,” ಎಂದು ಅವರಿಗೆ ಕೇಳಿಸುವ ಹಾಗೆಯೇ ನನಗೆ ಹೇಳುತ್ತಿದ್ದರು. ಮೊಣಕಾಲಿಗೆ ಎಣ್ಣೆ ತಿಕ್ಕುವುದು ನನ್ನ ಪಾಲಿನ ಕೆಲಸವಾಗಿತ್ತು. ನೀರು ಸೇದಿ, ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ, ಎಣ್ಣೆ ತಿಕ್ಕಿ, ಮಾವನವರ ಗ್ರೀಸಿನ ಕರಿ ಹತ್ತಿದ ಧೋತರ ಸೋಡಾ ಹಾಕಿ ಒಗೆಯುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ದೇವರು ಬೆನ್ನಿಗೆ ನೋವು ಕೊಟ್ಟಿದ್ದ, ಜೊತೆಗೆ ಮಲಗಿದೊಡನೆ ನಿದ್ದೆಯನ್ನೂ ಕೊಟ್ಟಿದ್ದ. ಅಷ್ಟಕ್ಕೆ ಕೈಮುಗಿದಿದ್ದೇನೆ.

ಎರಿಮಣ್ಣಿನ ದಾರಿಯಲ್ಲಿ ಮೊದಲ ಮಳೆಗೆ ಎಲ್ಲರ ಗಾಡಿಯೂ ಜಾರುತ್ತದೆ. ಜಾರಿದರೆ ಜೀವ ಬಾಯಿಗೆ ಬರುತ್ತದೆ. ಮಾವನವರಿಗೆ ಮಾತ್ರ ಅದೇ ರುಚಿ ಹತ್ತಿತ್ತು. ಪ್ರಾಯದಲ್ಲಿ ಜೇವರ್ಗಿಯಿಂದ ಅಂದೋಲಾ ಮಠಕ್ಕೆ ಜೀಪಿನಲ್ಲಿ ಜೋಳದ ಚೀಲ ಒಯ್ಯುವಾಗ ಹಿಂದಿನ ಗಾಲಿ ಒಮ್ಮೆಲೇ ಪಕ್ಕಕ್ಕೆ ಹೋಯಿತಂತೆ. ಅವರು ಬ್ರೇಕು ಒತ್ತಲಿಲ್ಲ. ಬಾಲ ಹೋದ ಕಡೆಗೇ ಸ್ಟೇರಿಂಗು ತಿರುಗಿಸಿದರು. ಜೀಪು ಅಡ್ಡಡ್ಡ ಓಡಿ ತಾನೇ ನೆಟ್ಟಗಾಯಿತು. ಬೇರೆಯವರು ದೇವರ ದರ್ಶನವಾದದ್ದು ಹೇಳುವ ಹಾಗೆ ಅವರು ಇದನ್ನು ಹೇಳುತ್ತಿದ್ದರು. “ಜಾರೂದು ತಪ್ಪಲ್ಲ ಯವ್ವಾ. ಜಾರುವಾಗ ಕೈ ಏನು ಮಾಡಾಕತ್ತದ, ಅದು ನೋಡಬೇಕು.”

ಅವರಿಗಿದ್ದದ್ದು ಒಂದೇ ಆಸೆ. ಗೊಬ್ಬೂರ ದಾರಿಯ ಬಯಲು ಮಡ್ಡಿಯಲ್ಲಿ, ಗಟ್ಟಿ ನೆಲದ ಮೇಲೆ ಗರಸಿನ ಸಡಿಲ ಹರಳು ಹರಡಿದ ಜಾಗದಲ್ಲಿ, ಕಪ್ಪೆ ಗಾಡಿಯನ್ನು ಜಾರಿಸುತ್ತಲೇ ಒಂದು ಪೂರ್ತಿ ಸುತ್ತು ಹೊಡೆಯಬೇಕು. ಮೂತಿ ಒಳಗೆ, ಬಾಲ ಹೊರಗೆ, ನಡುವೆ ನಿಲ್ಲದೆ, ಶುರುವಾದಲ್ಲಿಗೇ ಬಂದು ಕೂಡಬೇಕು. ಕೈ ಪೂರ್ತಿ ಹೋಗುವ ಮೊದಲು.

ಅದಕ್ಕಾಗಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಗಾಡಿಯ ಕೆಳಗೆ ಹೋಗುತ್ತಿದ್ದರು. ಹಿಂದಿನ ಎರಡೂ ಗಾಲಿ ಒಂದೇ ಜೀವದಂತೆ ತಿರುಗಬೇಕೆಂದು ನಡುವಿನ ಹಲ್ಲುಚಕ್ರ ಬಿಚ್ಚಿ ಗುಲಬರ್ಗಾಕ್ಕೆ ಒಯ್ದು ವೆಲ್ಡಿಂಗ್ ಮಾಡಿಸಿ ತಂದರು. ಆಮೇಲೆ ಓಣಿಯಲ್ಲಿ ತಿರುವಿದಾಗೆಲ್ಲ ಟಾಯರು ಎಳೆಗರುವಿನಂತೆ ಒದರುತ್ತಿತ್ತು. ಹಿಂದೆ ಸ್ಪ್ರಿಂಗಿನ ಪಾಟಾ ಒಂದು ಹೆಚ್ಚಿಗೆ ಹಾಕಿದರು. ಮುಂದಿನ ಗಾಲಿ ಇನ್ನಷ್ಟು ಹೊರಳಲೆಂದು ಅದನ್ನು ತಡೆಯುವ ಕಬ್ಬಿಣವನ್ನು ಅರದಿಂದ ತಿಕ್ಕಿದರು. ಹ್ಯಾಂಡ್‌ಬ್ರೇಕಿನ ಹಲ್ಲು ತೆಗೆದರು. ಅದು ಎಳೆದಾಗ ಹಿಡಿಯಬೇಕು, ಬಿಟ್ಟೊಡನೆ ಬಿಡಬೇಕು, ಮಧ್ಯೆ ಸಿಕ್ಕಿಕೊಳ್ಳಬಾರದು. ಇದನ್ನೆಲ್ಲ ನಾನು ಕಲಿತದ್ದು ಚಹಾ ಕೊಡಲು ಹೋಗಿ ಕಪ್ಪು-ಬಸಿ ಹಿಡಿದು ಕಾಯುತ್ತ ನಿಂತಾಗ.

ಒಬ್ಬರೇ ಕೂತರೆ ಗಾಡಿ ಒಂದು ಕಡೆ ವಾಲುತ್ತದೆ, ಬಾಲ ಸರಿಯಾಗಿ ಬರುವುದಿಲ್ಲ ಎಂದು ಎಡಗಡೆ ಸೀಟಿನಲ್ಲಿ ತೊಗರಿ ಚೀಲ ಕೂಡಿಸಿಕೊಂಡು ಹೋದರು. ಮನೆಯಲ್ಲಿ ಕೈಗೆ ಸಿಗುವ ಭಾರ ಅದೇ. ಮರಳು ತುಂಬಿದ್ದರೆ ಬಿಗಿಯಾಗಿ ಕೂಡುತ್ತಿತ್ತೇನೋ, ತೊಗರಿ ಕಾಳು ಹರಿಯಿತು. ಮೊದಲ ಸಲ ಜಾರಿದಾಗಲೇ ಚೀಲ ಮಗುಚಿ ಮಾವನವರ ತೊಡೆಯ ಮೇಲೆ ಬಿತ್ತು, ಬಾಯಿ ಬಿಚ್ಚಿ ಮಡ್ಡಿಯ ತುಂಬ ಚೆಲ್ಲಿತು. ಬಳಿದು ತಂದದ್ದರಲ್ಲಿ ಅರ್ಧ ಗರಸು. ಮೊರ ಹಿಡಿದು ಆರಿಸಿದವಳು ನಾನು, ಎಷ್ಟೋ ಮಧ್ಯಾಹ್ನ. ಅತ್ತೆಯವರು ಪಕ್ಕದಲ್ಲಿ ಕೂತು, ಸವತಿ ಬಾಣಂತಿ ಆಗ್ಯಾಳ, ಆಕಿ ಕೂಸಿನ್ನ ನೀ ಆರಿಸಾಕತ್ತಿ ಎಂದು ನಗಿಸಿದರು. ಹಲ್ಲಿಗೆ ಗರಸು ಸಿಗದ ಹಾಗೆ ಬೇಳೆ ಆಯಿತು, ಅದೂ ದೇವರ ದಯೆ.

ನಮ್ಮ ಮನೆಯವರಿಗೆ ಇದು ಸುತರಾಂ ಬೇಡವಾಗಿತ್ತು. ದೀಪಾವಳಿ ಆದ ಮೇಲೆ ಗಾಡಿಯನ್ನು ಕೊಟ್ಟುಬಿಡುವುದು ಎಂದು ಗಿರಾಕಿಯನ್ನೂ ಗೊತ್ತು ಮಾಡಿದ್ದರು. ಜೊತೆಗೆ ಕೂಡು ಎಂದು ಮಾವನವರು ಮಗನನ್ನು ಕೇಳಿದ್ದಕ್ಕೆ, ನಿಮ್ಮನ್ನು ಕೈಯಾರೆ ಗುಂಡಿಗೆ ತಳ್ಳಲಾರೆ ಎಂದು ಎದ್ದು ಹೋದರು. ಸಿಟ್ಟಲ್ಲ ಅದು, ಅಂಜಿಕೆ.

ಅಷ್ಟರಲ್ಲಿ ಎಡಗೈ ಇನ್ನೂ ಕೆಟ್ಟಿತು. ಒಂದು ಸಂಜೆ ಊಟದ ನಡುವೆ ಮಾವನವರು ತಾವಾಗಿ ಹೇಳಿದರು. ಸ್ಟೇರಿಂಗು ಬಲಗೈಯಿಂದ ಆಗುತ್ತದೆ, ಆದರೆ ಹ್ಯಾಂಡ್‌ಬ್ರೇಕು ಎಡಗೈಯಿಂದ ಗಪ್ಪನೆ ಎಳೆಯಬೇಕು, ಅದು ಆಗುತ್ತಿಲ್ಲ. ಎಡಗಡೆ ಕೂತವರು ಎಳೆದುಕೊಡಬೇಕು. ಹೇಳಿ ತಲೆ ತಗ್ಗಿಸಿ ರೊಟ್ಟಿ ಮುರಿದರು.

ಅತ್ತೆಯವರು ಮರುದಿನ ತಾವೇ ಶೆಡ್ಡಿಗೆ ಹೋಗಿ ಕೂಡಲು ನೋಡಿದರು. ಮೊಣಕಾಲು ಮಡಚಲಿಲ್ಲ. “ನಾ ಕೂಡೂದು ಹೆಂಗರೆ ಆದೀತು, ಎಬ್ಬಸೂದಕ್ಕ ಊರ ಮಂದಿ ಬೇಕು,” ಎಂದು ಗಾಡಿಗೆ ಒಂದು ಏಟು ಕೊಟ್ಟು ನನ್ನ ಕಡೆ ತಿರುಗಿದರು. “ನೀ ಕೂಡು.”

ನಮ್ಮ ಮನೆಯಲ್ಲಿ ಸೊಸೆ ಮಾವನ ಸರಿಸಮ ಕೂಡುವುದಿಲ್ಲ. ಅವರು ಹೊರಸಿನ ಮೇಲಿದ್ದರೆ ನಾನು ನೆಲದ ಮೇಲೂ ಕೂಡದೆ ಬಾಗಿಲ ಮರೆಗೆ ನಿಲ್ಲುತ್ತಿದ್ದೆ, ತಲೆಯ ಮೇಲೆ ಸೆರಗು. ಮದುವೆಯಾಗಿ ಬಂದ ಮೇಲೆ ಅವರೆದುರು ಒಮ್ಮೆಯೂ ಕೂತವಳಲ್ಲ. ಆ ಗಾಡಿಯಲ್ಲಿ ಕೂತರೆ ಭುಜಕ್ಕೆ ಭುಜ ತಾಗುತ್ತದೆ.

ಮಾವನವರೇ ನಾಚಿ ನೆಲ ನೋಡಿದರು. “ಬ್ಯಾಡ. ಮಂದಿ ಏನಂದಾರು.”

“ಮಂದಿ ಮಡ್ಡಿಗಿ ಬರೂದಿಲ್ಲ. ಬಂದ್ರ ಎಡಗಡಿ ಸೀಟಿನ್ಯಾಗ ಅವರನ್ನೇ ಕೂಡಿಸ್ಕೊ. ಸೊಸಿ ಇಳೀಲಿ,” ಎಂದರು ಅತ್ತೆಯವರು.

ಅಮಾವಾಸ್ಯೆಗೆ ಘತ್ತರಗಿಗೆ ಹೋದಾಗ ನಾನು ಭಾಗ್ಯವಂತಿ ದೇವಿಯ ಮುಂದೆ ನಿಂತು ಬೇನೆ ಗುಣ ಮಾಡು ಎಂದು ಕೇಳಲಿಲ್ಲ. ಅದು ದೊಡ್ಡ ಬೇಡಿಕೆ, ಕೇಳುವವರು ಬಹಳ ಮಂದಿ. ಒಂದು ಸುತ್ತು ಆಗಲಿ ಎಂದಷ್ಟೇ ಕೇಳಿದೆ.

ದೀಪಾವಳಿಗೆ ಸ್ವಲ್ಪ ಮೊದಲು, ಬೆಳಕು ಹರಿಯುವ ಹೊತ್ತಿಗೆ ಹೋದೆವು. ಸೆರಗನ್ನು ತಲೆಯಿಂದ ತೆಗೆದು ಸೊಂಟಕ್ಕೆ ಬಿಗಿದೆ, ಇಲ್ಲದಿದ್ದರೆ ಗಾಳಿಗೆ ಅವರ ಮುಖಕ್ಕೇ ಹಾರುತ್ತಿತ್ತು. ಮಾವನವರು ಮುಂದೆಯೇ ನೋಡುತ್ತ ಹೇಳಿದರು, “ನಾ ‘ಶಿವಾ’ ಅಂದಕೂಡ್ಲೆ ಎಳಿ. ಮತ್ತ ಬಿಟ್ಟುಬಿಡು. ಹಿಡಕೊಂಡು ಕೂಡಬ್ಯಾಡ.”

ನಾನು ಹಿಡಿದುಕೊಂಡೇ ಕೂತೆ. ಗಾಡಿ ಗಿರಕಿ ಹೊಡೆದು ಬಂದ ದಾರಿಯ ಕಡೆ ಮುಖ ಮಾಡಿ ನಿಂತಿತು. ಧೂಳು ಇಳಿದ ಮೇಲೆ ಮಾವನವರು ಮತ್ತೆ ಗಾಡಿ ತಿರುಗಿಸಿದರು. ಮುಂದಿನ ಸಲ ಅಂಜಿ ತಡಮಾಡಿ ಎಳೆದೆ, ಗಾಡಿ ನೆಟ್ಟಗೆ ಓಡಿ ಬಳ್ಳಾರಿ ಜಾಲಿಯ ಕಂಟಿಗೆ ಮೂತಿ ತೂರಿಸಿತು. ಅವರು ಬೈಯಲಿಲ್ಲ. “ನೀ ಹಂಚಿನ ಮ್ಯಾಲಿನ ರೊಟ್ಟಿ ತಿರುವಾಕತ್ತಿ ಅಂತ ತಿಳಕೋ. ತಡಾ ಆದ್ರ ಕರಕ, ಅವಸರ ಆದ್ರ ಹಸಿ,” ಎಂದರು.

ಆಮೇಲೆ ಅವರು ‘ಶಿವಾ’ ಎಂದದ್ದೂ ನಾನು ಎಳೆದು ಬಿಟ್ಟದ್ದೂ ಒಂದೇ ಸಲ ಆದವು. ಹಿಂದಿನಿಂದ ಯಾರೋ ಗಾಡಿಯನ್ನು ಎತ್ತಿ ಪಕ್ಕಕ್ಕೆ ಇಟ್ಟ ಹಾಗಾಯಿತು. ಗರಸು ಜೋಳ ಹುರಿದಂತೆ ಸಿಡಿಯುತ್ತಿತ್ತು. ಮಡ್ಡಿ, ದೂರದ ತೊಗರಿ ಹೊಲ, ಏಳುವ ಸೂರ್ಯ, ಮತ್ತೆ ಮಡ್ಡಿ, ಎಲ್ಲ ನಮ್ಮ ಮುಂದೆ ಅಡ್ಡಡ್ಡ ಹಾಯ್ದುಹೋದವು. ನಾನು ಹೆದರಿ ಸ್ಟೇರಿಂಗಿನ ಕಡೆ ನೋಡಿದೆ. ಎಡಗೈಯೂ ಅದರ ಮೇಲಿತ್ತು, ಬಲಗೈ ಹೋದಲ್ಲಿ ಹೋಗುತ್ತಿತ್ತು. ನಡುಗುತ್ತಿರಲಿಲ್ಲ. ನಮ್ಮದೇ ಗಾಲಿಯ ಗುರುತಿನ ಮೇಲೆ ಬಂದು ಕೂಡಿದ ಮೇಲೆ ಅವರು ಎಂಜಿನ್ನು ಬಂದ್ ಮಾಡಿದರು.

ಇನ್ನೊಂದು ಸಲ ಹೊಡೆಯುತ್ತಾರೇನೋ ಎಂದು ನಾನು ಕೈ ಬ್ರೇಕಿನ ಮೇಲೆಯೇ ಇಟ್ಟುಕೊಂಡಿದ್ದೆ.

“ಸಾಕವ್ವ,” ಎಂದರು. “ಆತು.”

ಮನೆಗೆ ಬಂದು ನಾನು ರೂಢಿಯಂತೆ ಬಾಗಿಲ ಮರೆಗೆ ನಿಂತಾಗ ಮಾವನವರು ಹೊರಸಿನ ಮೇಲೆ ಸರಿದು ಎಡಗಡೆ ಜಾಗ ಮಾಡಿದರು. ಮೋಟಾರಿನಲ್ಲಿ ಕೂತವಳು ಮನೆಯಲ್ಲಿ ಯಾಕೆ ನಿಲ್ಲಬೇಕು ಎಂದರು. ಅವತ್ತು ಕೂತು ಚಹಾ ಕುಡಿದೆ. ದಿನಕ್ಕೆ ಅಷ್ಟು ಹೊತ್ತು ಕಾಲಿಗೆ ಬಿಡುವು ಸಿಕ್ಕಿತು. ಆಮೇಲೆ ಅದೇ ರೂಢಿಯಾಯಿತು. ದೀಪಾವಳಿಯ ನಂತರ ಗಿರಾಕಿ ಬಂದು ಗಾಡಿ ಒಯ್ದಾಗ ಮಾವನವರು ಹೊರಗೆ ಬರಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ.

ಡಾಕ್ಟರು ಹೇಳಿದಂತೆಯೇ ಬಲಗೈಯೂ ಹೋಯಿತು, ನಾಲಿಗೆಯೂ ತಡವರಿಸಿತು. ಕೊನೆಯ ವರ್ಷಗಳಲ್ಲಿ ಅದೇ ಹೊರಸಿನ ಮೇಲೆ ಕೂತು ತುತ್ತು ಕೊಟ್ಟವಳು ನಾನು. ದಣಿವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೂತು ಕೊಡುವ ದಣಿವು ಬೇರೆ, ನಿಂತು ಮಾಡುವ ದಣಿವು ಬೇರೆ.

ಅವರು ಲಿಂಗೈಕ್ಯರಾದ ದಿನ ನಮ್ಮ ಪದ್ಧತಿಯಂತೆ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂಡಿಸಿದರು. ವಿಭೂತಿ ಹಚ್ಚಿದರು, ಭಜನೆ ಶುರುವಾಯಿತು. ದೇಹ ಮಾತ್ರ ಎಡಕ್ಕೆ ವಾಲುತ್ತಲೇ ಇತ್ತು, ಎಷ್ಟು ಸರಿಮಾಡಿದರೂ ನಿಲ್ಲುತ್ತಿರಲಿಲ್ಲ. ನಾನು ಹೋಗಿ ಎಡಗಡೆ ಕೂತು ಭುಜ ಕೊಟ್ಟೆ. ಸೊಸೆ ಅಲ್ಲಿ ಕೂಡಬಾರದು, ಗಂಡಸರು ಹಿಡಿಯುತ್ತಾರೆ, ಕೆಳಗೆ ಇಳಿ ಎಂದು ಬೀಗರ ಕಡೆಯ ಹಿರಿಯರೊಬ್ಬರು ಅಂದರು.

ಅತ್ತೆಯವರು ತಲೆ ಎತ್ತಲೂ ಇಲ್ಲ. “ಆಕಿದೇ ಜಾಗಾ ಅದು,” ಎಂದರು. “ಇರ್ಲಿ ಬಿಡ್ರಿ.”

ಎತ್ತಿಕೊಂಡು ಹೋಗುವ ತನಕ ಅಲ್ಲೇ ಕೂತಿದ್ದೆ.