ದೇವರ ಡಬ್ಬಿಯ ಅಕ್ಕಿ

ಅಕ್ಕಿ ತೊಳೆದು ನೀರು ಬಗ್ಗಿಸುತ್ತಿದ್ದೆ. ಸಾಗರದಿಂದ ತಂಗಿಯ ಫೋನು ಬಂತು: ಪಾರ್ವತಕ್ಕ ತೀರಿಕೊಂಡರಂತೆ. ಒದ್ದೆ ಕೈಯಲ್ಲೇ ನಿಂತೆ. ಅಕ್ಕಿ ತೊಳೆದ ನೀರಿನ ಆ ಹಸಿ ವಾಸನೆ ನನ್ನನ್ನು ಅರವತ್ತರ ದಶಕದ ಕಾರ್ಗಲ್ಲಿಗೆ, ಅಮ್ಮನ ಅಡುಗೆಮನೆಗೆ ಎಳೆದುಕೊಂಡು ಹೋಯಿತು.

ಅಪ್ಪ ಲಿಂಗನಮಕ್ಕಿ ಅಣೆಕಟ್ಟಿನ ಪ್ರಾಜೆಕ್ಟಿನಲ್ಲಿ ವೆಲ್ಡರ್. ಕ್ವಾರ್ಟರ್ಸಿನ ಒಂದೇ ಗೋಡೆಯ ಈಚೆ ನಾವು, ಆಚೆ ಪಾರ್ವತಕ್ಕ, ಅವರ ಗಂಡ, ಎಳೆ ಕೂಸು. ಅಮ್ಮ ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಮೊದಲು ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ತುಟಿ ಅಲುಗಿಸಿ, ಗೋಡೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಅದು ದೇವರ ಪಾಲು. ಭಾನುವಾರ ಚರ್ಚಿಗೆ ಕಾಣಿಕೆ. ಇಂಥ ಡಬ್ಬಿಯನ್ನು ನೀವೂ ನಿಮ್ಮ ಅಜ್ಜಿಯರ ಮನೆಯಲ್ಲಿ ಕಂಡಿರಬಹುದು. ಹಸಿ ಅಕ್ಕಿ ಕದ್ದು ಮುಕ್ಕುವ ಮಕ್ಕಳಾದರೂ ನಾವು ಅದನ್ನು ಮುಟ್ಟಿದವರಲ್ಲ.

ರೇಷನ್ ಅಂಗಡಿಗೆ ಅಕ್ಕಿಯೇ ಬಾರದ ಒಂದು ವಾರ, ಶನಿವಾರ ಸಂಜೆ, ಪಾರ್ವತಕ್ಕ ಬಂದರು. ಅವರ ಗಂಡ ಜ್ವರದಲ್ಲಿ ಮಲಗಿದ್ದರು.

"ಅಕ್ಕಾ, ಒಂದು ಪಾವು ಅಕ್ಕಿ ಇದ್ರೆ ಕೊಡ್ರಿ. ಇವ್ರಿಗೆ ಗಂಜಿ ಮಾಡ್ಬೇಕಿತ್ತು."

"ನಮ್ಮನೇಲೂ ಮುಗೀತು ಪಾರ್ವತಿ. ಬೆಳಿಗ್ಗೆ ಗೆಣಸೇ ಬೇಯ್ಸಿದ್ದು."

ಸುಳ್ಳಲ್ಲ. ಆದರೆ ಪಾರ್ವತಕ್ಕನ ಕಣ್ಣು ಗೂಡಿನ ಕಡೆ ಹೋಯಿತು. "ಡಬ್ಬೀಲಿ?"

"ಅದು ದೇವ್ರದ್ದು ಕಣೇ."

"ನಿಮ್ಮ ದೇವ್ರು ಪೂರ್ತಿ ತಿಂತಾರಾ ಅಕ್ಕಾ? ನಮ್ಮ ದೇವ್ರು ನೈವೇದ್ಯ ನೋಡಿ, ನಮಗೇ ಬಿಡ್ತಾರಪ್ಪ."

ಇಬ್ಬರೂ ನಕ್ಕರು. ಡಬ್ಬಿ ಮಾತ್ರ ಗೂಡಿನಿಂದ ಕೆಳಗಿಳಿಯಲಿಲ್ಲ.

ಮರುದಿನ ಚರ್ಚಿನಲ್ಲಿ ಅಕ್ಕಿಯ ಚೀಲ ಕೊಡುತ್ತಾ ಅಮ್ಮ ಇದನ್ನು ತಮಾಷೆಯೆಂದೇ ಹೇಳಿದಳು. ಪಾದ್ರಿಗಳು ನಗಲಿಲ್ಲ. "ಈ ಅಕ್ಕಿ ನಾವು ಹಂಚೋದು ಇಲ್ಲದೋರಿಗೇ ಅಲ್ವೇನಮ್ಮ? ಕರ್ತನೇ ನಿಮ್ಮ ಬಾಗಿಲಿಗೆ ಬಂದು ಕೇಳಿದ್ನಲ್ಲ," ಎಂದು ಚೀಲವನ್ನು ಅವಳ ಕೈಗೇ ವಾಪಸು ಕೊಟ್ಟರು. ಅಮ್ಮ ದಾರಿಯುದ್ದಕ್ಕೂ ಓಡಿದ ಹಾಗೇ ನಡೆದಳು. ಪಾರ್ವತಕ್ಕನ ಬಾಗಿಲಿಗೆ ಬೀಗ. ಜ್ವರ ಏರಿತೆಂದು ಗಂಡನನ್ನು ಯಾವುದೋ ಲಾರಿಯಲ್ಲಿ ಹೊಸನಗರದ ತವರಿಗೆ ಕರೆದುಕೊಂಡು ಹೋಗಿದ್ದರು. ಗಂಡ ಉಳಿದರಂತೆ, ಅದು ದೇವರ ದಯೆ. ಆದರೆ ಆ ಸಂಸಾರ ಕಾರ್ಗಲ್ಲಿಗೆ ಮರಳಲಿಲ್ಲ. ಆ ಚೀಲ ಬಹಳ ದಿನ ನಮ್ಮ ಬಾಗಿಲ ಹಿಂದೆಯೇ ನೇತಾಡಿತು.

ಅಮ್ಮ ಹಿಡಿ ಅಕ್ಕಿ ಎತ್ತಿಡುವುದನ್ನು ಬಿಡಲಿಲ್ಲ. ಡಬ್ಬಿಗೆ ಮುಚ್ಚಳ ಹಾಕುವುದನ್ನು ಬಿಟ್ಟಳು; ಕೇಳಿದವರಿಗೆಲ್ಲ ಅದರಿಂದಲೇ ಕೊಟ್ಟಳು. ಆದರೂ ಸಂಜೆಯ ಪ್ರಾರ್ಥನೆಯಲ್ಲಿ ಪಾರ್ವತಕ್ಕನ ಹೆಸರು ಬಂದಾಗ ಅವಳು ಕಣ್ಣು ತೆರೆದು ಗೂಡಿನ ಕಡೆ ನೋಡುತ್ತಿದ್ದಳು. ಕೊನೆಗಾಲದ ಹಾಸಿಗೆಯಲ್ಲೂ ಅದೇ: "ಒಂದು ಪಾವು ಕೇಳಿದ್ಲು ಕಣೇ."

ಫೋನಿನಲ್ಲಿ ತಂಗಿ ಹೇಳುತ್ತಲೇ ಇದ್ದಳು. "ಅವ್ರ ಮಗಳು ಸಿಕ್ಕಿದ್ಲು. ಪಾರ್ವತಕ್ಕ ಅಮ್ಮನ್ನ ಯಾವಾಗ್ಲೂ ನೆನಸ್ತಿದ್ರಂತೆ. 'ಕಾರ್ಗಲ್ಲಲ್ಲಿ ತವರಿನೋರು ಬರೋಕೆ ಮುಂಚೇನೇ ಹೆರಿಗೆ ಆಯ್ತು, ಆ ಕಿರಿಸ್ತಾನ್ರ ಅಕ್ಕಾನೇ ನನ್ನೂ ಕೂಸನ್ನೂ ನೋಡ್ಕಂಡ್ರು' ಅಂತ. ಅಕ್ಕಿ ವಿಷ್ಯ ಅವ್ಳಿಗೆ ಗೊತ್ತೇ ಇಲ್ಲ ಕಣೇ."

ಈ ಮಾತನ್ನು ಅಮ್ಮ ಕೇಳಿಸಿಕೊಳ್ಳಬೇಕಿತ್ತು.

ಫೋನು ಇಟ್ಟೆ. ಅವತ್ತಿನ ಹಿಡಿಯನ್ನು ಆಗಲೇ ಎತ್ತಿಟ್ಟಿದ್ದೆ; ಪಾರ್ವತಕ್ಕನ ಹೆಸರಿನಲ್ಲಿ ಇನ್ನೊಂದು ಹಿಡಿಯನ್ನು ಅಮ್ಮನ ಮುಚ್ಚಳವಿಲ್ಲದ ಆ ಹಳೇ ಡಬ್ಬಿಗೆ ಹಾಕಿದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ತೊಳೆದ ಅಕ್ಕಿ ಸುರಿದು, ಸೌಟು ಆಡಿಸಿದೆ.